ಹೊಳೆದಂಡೆಯ ಹಳೆಯ ಪಟ್ಟಣಗಳು ಮತ್ತು ನೋಡುವವನ ಋಣ

ಒಡೆಯನು ಕೊಡದೆ ಇದ್ದ ವಸ್ತುವನ್ನು ಕೈಗೆತ್ತಿಕೊಂಡರೆ ಅದು ಕಳವು ಎಂಬುದರಲ್ಲಿ ಯಾವ ಧರ್ಮಕ್ಕೂ ಸಂದೇಹವಿಲ್ಲ. ಜೈನ ಪರಿಭಾಷೆಯಲ್ಲಿ ಇದಕ್ಕೆ ಅದತ್ತಾದಾನವೆಂದು ಹೆಸರು. ಹೊನ್ನು, ಧಾನ್ಯ, ಭೂಮಿ, ಪಶು ಮುಂತಾದ ಸಂಪತ್ತಿನ ವಿಷಯದಲ್ಲಿ ಈ ನಿಯಮವನ್ನು ಅನ್ವಯಿಸಿಕೊಳ್ಳುವುದು ಕಠಿಣವೇನಲ್ಲ. ಆದರೆ ಒಂದು ಊರನ್ನು ನೋಡಲು ಹೋದವನ ಪಾಡೇನು? ಆತ ಅಲ್ಲಿಂದ ಕಲ್ಲನ್ನಾಗಲಿ ಕಾಸನ್ನಾಗಲಿ ತರುವುದಿಲ್ಲ. ಹಾಗಿದ್ದರೂ ಬರಿಗೈಯಲ್ಲಿ ಮರಳುವುದೂ ಇಲ್ಲ. ಕಣ್ಣು ತುಂಬ ನೋಟವನ್ನು, ಕ್ಯಾಮೆರಾ ತುಂಬ ಚಿತ್ರಗಳನ್ನು, ನಾಲಗೆಯ ಮೇಲೆ ಆ ಊರಿನ ಕುರಿತಾದ ಒಂದು ಕಥೆಯನ್ನು ಹೊತ್ತು ತರುತ್ತಾನೆ. ಇವು ಯಾರಿಂದಲಾದರೂ ಕೊಡಲ್ಪಟ್ಟವುಗಳೇ, ಅಥವಾ ಆತ ತಾನಾಗಿಯೇ ತೆಗೆದುಕೊಂಡವುಗಳೇ?

ಈ ಪ್ರಶ್ನೆ ಇಂದು ಕೇವಲ ತರ್ಕವಿಲಾಸವಾಗಿ ಉಳಿದಿಲ್ಲ. ಹೆದ್ದಾರಿಯ ವೇಗದಿಂದ ಬೇಸತ್ತ ಅನೇಕರು ಕವಲುದಾರಿಗಳನ್ನು ಹಿಡಿದು, ಹೊಳೆಯ ದಂಡೆಯಲ್ಲಿ ಮರೆತುಹೋದಂತೆ ಕುಳಿತಿರುವ ಹಳೆಯ ಪಟ್ಟಣಗಳನ್ನು ಅರಸಿಕೊಂಡು ಹೋಗುತ್ತಿದ್ದಾರೆ. ಶರಾವತಿಯ ಗೇರುಸೊಪ್ಪೆ, ಸೀತಾನದಿಯ ಬಾರಕೂರು, ವಾರಾಹಿಯ ಬಸರೂರು, ಫಲ್ಗುಣಿಯ ವೇಣೂರು ಇಂತಹ ಊರುಗಳು. ಅಡಿಕೆ ತೋಟದ ಬೇಲಿ, ಮುರಕಲ್ಲಿನ ಅಗಳು, ತಿರುವಿನಲ್ಲಿ ತಟ್ಟನೆ ಕಾಣಿಸಿಕೊಳ್ಳುವ ಹೊಳೆ, ಗದ್ದೆಯ ನಡುವೆ ಒಂಟಿಯಾಗಿ ನಿಂತ ಮಾನಸ್ತಂಭ, ಇವೆಲ್ಲ ಸೇರಿ ಆ ದಾರಿಗಳಿಗೆ ಒಂದು ಪ್ರಶಾಂತವಾದ ಚೆಲುವನ್ನು ತಂದುಕೊಟ್ಟಿವೆ. ಇವುಗಳಲ್ಲಿ ಹಲವು ಪಟ್ಟಣಗಳನ್ನು ಕಟ್ಟಿ ಬೆಳೆಸಿದವರಲ್ಲಿ ಜೈನ ಅರಸರು ಮತ್ತು ವರ್ತಕರ ಪಾಲು ದೊಡ್ಡದು. ಆದ್ದರಿಂದ ಶ್ರಾವಕರು ಅಲ್ಲಿಗೆ ಹೋದಾಗ ತಾವು ಪ್ರವಾಸಿಗಳೆಂದು ಭಾವಿಸದೆ ಪೂರ್ವಜರ ಮನೆಗೆ ಬಂದವರೆಂದು ಭಾವಿಸುವುದು ಸಹಜ. ಆ ಭಾವನೆಯೇ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ತನ್ನದೆಂದು ತಿಳಿದ ಮನೆಯಲ್ಲಿ ಅನುಮತಿ ಕೇಳುವ ಅಭ್ಯಾಸ ಯಾರಿಗೂ ಇರುವುದಿಲ್ಲವಷ್ಟೆ.

ಮೊದಲಿಗೆ, ಈ ಪಟ್ಟಣಗಳು ಅಲ್ಲಿ ಏಕೆ ಹುಟ್ಟಿದವು ಎಂಬುದನ್ನು ಗಮನಿಸಬೇಕು. ಅದಕ್ಕೆ ಗೇರುಸೊಪ್ಪೆಗಿಂತ ಉತ್ತಮವಾದ ಉದಾಹರಣೆ ದೊರಕಲಾರದು. ಹೊನ್ನಾವರದಲ್ಲಿ ಸಮುದ್ರವನ್ನು ಸೇರುವ ಶರಾವತಿಯಲ್ಲಿ ದೋಣಿಗಳು ಸುಮಾರು 30 ಕಿಲೋಮೀಟರ್ ಒಳನಾಡಿನವರೆಗೆ ಸಾಗಬಲ್ಲವಾಗಿದ್ದವು. ಅಲ್ಲಿಂದ ಮುಂದೆ ಘಟ್ಟದ ಬುಡ. ಘಟ್ಟದ ಮೇಲಿನಿಂದ ಎತ್ತುಗಳ ಬೆನ್ನೇರಿ ಇಳಿದುಬಂದ ಮೆಣಸು ಈ ಸ್ಥಳದಲ್ಲಿ ದೋಣಿಗೆ ಏರಬೇಕು. ಕಡಲಿನಿಂದ ಬಂದ ಸರಕು ಇಲ್ಲಿ ದೋಣಿಯಿಂದ ಇಳಿದು ಎತ್ತಿನ ಬೆನ್ನಿಗೆ ಏರಬೇಕು. ಹೊರೆಯು ವಾಹನವನ್ನು ಬದಲಿಸುವ ಜಾಗದಲ್ಲಿ ಅದನ್ನು ಇಳಿಸುವವರು, ಅಳೆಯುವವರು, ಕಾಯುವವರು, ಸುಂಕ ವಸೂಲು ಮಾಡುವವರು, ರಾತ್ರಿ ತಂಗುವವರು ಇದ್ದೇ ಇರಬೇಕಲ್ಲವೇ? ಅಂಗಡಿ, ಛತ್ರ, ಕೆರೆ, ಬಸದಿ ಎಲ್ಲವೂ ಅವರ ಬೆನ್ನ ಹಿಂದೆ ಬಂದವು. ಎಂದರೆ ನಿಧಾನವೇ ಈ ಪಟ್ಟಣಗಳ ತಾಯಿ. ಹೊರೆಯು ಬಂದರಿನವರೆಗೆ ಎಲ್ಲಿಯೂ ನಿಲ್ಲದೆ ಸಾಗುವಂತಾದ ದಿನದಿಂದ ಅವುಗಳಿಗೆ ಕೆಲಸವಿಲ್ಲವಾಯಿತು. ಇಂದು ಗೇರುಸೊಪ್ಪೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 69ರಲ್ಲಿ (ಇದರ ಹಿಂದಿನ ಸಂಖ್ಯೆ 206) ಲಾರಿಗಳಿಗೆ ಅಲ್ಲಿ ನಿಲ್ಲಲು ಕಾರಣವೇ ಇಲ್ಲ.

ಶಾಸನಗಳು ಈ ಊರನ್ನು ಕ್ಷೇಮಪುರವೆಂದೂ ಭಲ್ಲಾತಕೀಪುರವೆಂದೂ ಕರೆದಿವೆ. ಸಾಳುವ ವಂಶದ ಅರಸುಮನೆತನ ಇಲ್ಲಿ ಆಳಿತು. ಅವರಲ್ಲಿ ಕೊನೆಯವಳಾದ ರಾಣಿ ಚೆನ್ನಭೈರಾದೇವಿ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಅರ್ಧ ಶತಮಾನ ಕಾಲ ರಾಜ್ಯವಾಳಿದಳೆಂದು ಚರಿತ್ರಕಾರರು ಗುರುತಿಸುತ್ತಾರೆ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. ಆಕೆಯೊಡನೆ ಕಾದಿದರು, ಆಕೆಯಿಂದಲೇ ಮೆಣಸನ್ನೂ ಕೊಂಡರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ಹಿರಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದನು, ರಾಣಿಯು ಸೆರೆಯಾದಳು. ನಗರಬಸ್ತಿಕೇರಿ ಎಂದು ಕರೆಯಲಾಗುವ ಕಾಡಿನ ನಡುವಿನ ಸ್ಥಳದಲ್ಲಿ ಆ ಪಟ್ಟಣದ ಅವಶೇಷಗಳಿವೆ. ನಾಲ್ಕು ದಿಕ್ಕಿಗೂ ಬಾಗಿಲನ್ನು ತೆರೆದು ನಿಂತಿರುವ ಚತುರ್ಮುಖ ಬಸದಿಯೂ, ನೇಮಿನಾಥ, ಪಾರ್ಶ್ವನಾಥ ಸ್ವಾಮಿಯವರ ಬಸದಿಗಳೂ, ಇಂದಿಗೂ ಪೂಜೆ ನಡೆಯುತ್ತಿರುವ ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿಯೂ ಅಲ್ಲಿವೆ.

ಹೀಗೆ ಹಾಳಾದ ಗೇರುಸೊಪ್ಪೆಯನ್ನು ನೋಡಿ ಬರೆದಿಟ್ಟವರಲ್ಲಿ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಸಿರಿವಂತನು ಮೊದಲಿಗರಲ್ಲೊಬ್ಬ. ಆತ ವರ್ತಕನಲ್ಲ, ಸೈನಿಕನಲ್ಲ, ಪಾದ್ರಿಯೂ ಅಲ್ಲ. ಲೋಕವನ್ನು ನೋಡಬೇಕೆಂಬ ಕುತೂಹಲ ಆತನಿಗೆ ಬಹಳವಿತ್ತು. ಈ ಅರ್ಥದಲ್ಲಿ ಇಂದಿನ ಪ್ರವಾಸಿಗೆ ಆತ ಹಿರಿಯಣ್ಣನೇ ಸರಿ. 1623ರಲ್ಲಿ, ಪಟ್ಟಣವು ಬಿದ್ದು ಎರಡು ದಶಕಗಳೂ ತುಂಬುವ ಮೊದಲೇ, ಆತ ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಬಂದನು. ತಾನು ಕಂಡ ಹೊಳೆಗಳಲ್ಲೆಲ್ಲ ಅತಿ ರಮ್ಯವಾದವುಗಳಲ್ಲಿ ಇದೂ ಒಂದೆಂದು ಮೆಚ್ಚಿ ಬರೆದನು. ದಂಡೆಗೆ ಹತ್ತಿದಾಗ ಅಲ್ಲಿ ನಗರವಿರಲಿಲ್ಲ. ಅರಮನೆಯ ನೆಲೆಯಲ್ಲಿ ಗಿಡಮರಗಳು ಎದ್ದಿದ್ದವು. ಆ ಮೌನದ ನಡುವೆ ಆತ ಒಂದು ಕಥೆಯನ್ನು ಕೇಳಿದನು, ಕೇಳಿದಂತೆಯೇ ಬರೆದುಕೊಂಡನು: ಇಲ್ಲಿಯ ಕೊನೆಯ ರಾಣಿಯು ಪರಸ್ಥಳದ ಅಲ್ಪನೊಬ್ಬನಲ್ಲಿ ಅನುರಕ್ತಳಾಗಿ, ಆತನನ್ನು ನಂಬಿ, ರಾಜ್ಯವನ್ನು ಕಳೆದುಕೊಂಡಳು ಎಂಬುದೇ ಆ ಕಥೆ.

ಈ ಕಥೆಯನ್ನು ಆತ ಯಾರ ಸಂಗಡ ಇದ್ದಾಗ ಬರೆದ ಎಂಬುದನ್ನು ಓದುಗರು ಗಮನಿಸಬೇಕು. ಆತ ಹೊರಟಿದ್ದು ಪೋರ್ಚುಗೀಸ್ ರಾಯಭಾರಿಯ ಪರಿವಾರದೊಡನೆ. ರಾಯಭಾರಿಯು ಹೊರಟಿದ್ದು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ. ನಾಯಕನ ಸ್ವಂತ ಪ್ರತಿನಿಧಿಯೂ ಆ ತಂಡದಲ್ಲಿದ್ದ. ಗೆದ್ದವನ ಅತಿಥಿಯಾಗಿ, ಗೆದ್ದವನ ಸೇವಕನ ಜೊತೆಯಲ್ಲಿ, ಸೋತವಳ ಅಂಗಳದಲ್ಲಿ ನಿಂತು ಕೇಳಿದ ಕಥೆ ಅದು. ರಾಣಿಯ ಪಕ್ಷವನ್ನು ಹೇಳಬಲ್ಲವರು ಆ ದಾರಿಯಲ್ಲಿ ಸಿಕ್ಕಲಿಲ್ಲ, ಅಥವಾ ಸಿಕ್ಕವರನ್ನು ಕೇಳುವಷ್ಟು ಕಾಲ ತಂಡಕ್ಕಿರಲಿಲ್ಲ. ಅರ್ಧ ಶತಮಾನ ಕಾಲ ಬಂದರನ್ನೂ ಘಟ್ಟವನ್ನೂ ಹಿಡಿದು ನಡೆಸಿದ ಹೆಣ್ಣೊಬ್ಬಳ ಬಾಳು ಒಂದು ಪ್ರಣಯದ ಎಡವಟ್ಟಾಗಿ ಸಂಕ್ಷೇಪಗೊಂಡು ಹಡಗೇರಿ ಯುರೋಪಿಗೆ ಹೋಯಿತು. ದೆಲ್ಲಾ ವಾಲ್ಲೆ ಸುಳ್ಳುಗಾರನಲ್ಲ. ಅವನ ಕಾಲದ ಪ್ರವಾಸಿಗಳಲ್ಲಿ ಅವನಷ್ಟು ಜಾಗರೂಕತೆಯಿಂದ ಬರೆದವರು ವಿರಳ. ಅಂಥವನ ಕೈಯಲ್ಲಿಯೂ ಹೀಗಾಯಿತೆಂದ ಮೇಲೆ, ಅರ್ಧ ಗಂಟೆ ನಿಂತು ಚಿತ್ರ ತೆಗೆದುಕೊಂಡು ಹೊರಡುವವರ ಕೈಯಲ್ಲಿ ಊರೊಂದರ ಕಥೆ ಏನಾಗಬಹುದೆಂಬುದನ್ನು ಊಹಿಸಿಕೊಳ್ಳಬಹುದು.

ಅದೇ ವರ್ಷ ಅದೇ ಮನುಷ್ಯನು ಮತ್ತೊಬ್ಬ ರಾಣಿಯನ್ನು ಕಂಡನು. ಉಳ್ಳಾಲದ ಚೌಟ ಮನೆತನದ ರಾಣಿಯನ್ನು ನೋಡಬೇಕೆಂದೇ ಮಂಗಳೂರಿನಿಂದ ಒಳನಾಡಿನ ಮಣೇಲಿಗೆ ಹೋದನು. ಆಕೆ ಅರಮನೆಯಲ್ಲಿ ಸಿಂಹಾಸನದ ಮೇಲೆ ಸಿಗಲಿಲ್ಲ. ಬರಿಗಾಲಿನಲ್ಲಿ, ಸಾಮಾನ್ಯವಾದ ಹತ್ತಿಯ ಬಟ್ಟೆಯನ್ನುಟ್ಟು, ತಲೆಯ ಮೇಲೆ ಓಲೆಯ ಛತ್ರಿಯ ನೆರಳಿನಲ್ಲಿ, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಿಕೊಳ್ಳಲು ನಡೆದುಹೋಗುತ್ತಿದ್ದಳು. ದಾರಿಯಲ್ಲಿಯೇ ನಿಂತು ಆತನನ್ನು ಮಾತನಾಡಿಸಿದಳು. ಈ ರಾಣಿಯ ಚಿತ್ರವನ್ನು ಓದಿದವರಿಗೆ ಆಕೆ ಇಂದಿಗೂ ಕಣ್ಣ ಮುಂದೆ ನಿಲ್ಲುತ್ತಾಳೆ. ಒಬ್ಬಳನ್ನು ಆತ ಕಂಡು ಬರೆದ, ಇನ್ನೊಬ್ಬಳನ್ನು ಕೇಳಿ ಬರೆದ. ಕಂಡು ಬರೆದುದರಲ್ಲಿ ಆ ರಾಣಿ ತಾನಾಗಿ ನಿಂತು ಕೊಟ್ಟುದು ಸ್ವಲ್ಪವಾದರೂ ಇದೆ. ಕೇಳಿ ಬರೆದುದರಲ್ಲಿ ಗೇರುಸೊಪ್ಪೆಯ ರಾಣಿ ಕೊಟ್ಟುದು ಏನೂ ಇಲ್ಲ. ಅದತ್ತಾದಾನದ ಗೆರೆಯನ್ನು ನೋಟದ ವಿಷಯದಲ್ಲಿ ಎಳೆಯಬೇಕಾದರೆ ಇಲ್ಲಿಯೇ ಎಳೆಯಬೇಕು. ಊರನ್ನು ಉಳಿಸಿಕೊಂಡು ಬಂದವರು, ಅಲ್ಲಿ ಬಾಳುತ್ತಿರುವವರು, ಯಾವುದನ್ನು ತಮ್ಮ ಬಾಯಿಂದ, ತಮ್ಮ ಕೈಯಿಂದ ತೋರಿಸಿದರೋ ಅದು ದತ್ತ. ಅವರನ್ನು ದಾಟಿಕೊಂಡು ಹೋಗಿ ಬಾಚಿಕೊಂಡುದು ಅದತ್ತ.

ಜೈನ ಗೃಹಸ್ಥನಿಗೆ ಇನ್ನೊಂದು ತೊಡಕಿದೆ. ಅಲೆದಾಟವು ಆತನ ಧರ್ಮದಲ್ಲಿ ತಾನಾಗಿಯೇ ಒಂದು ಸದ್ಗುಣವೆಂದು ಎಣಿಕೆಯಾಗಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳ ಸಾಲಿನಲ್ಲಿ ದಿಗ್ವ್ರತ, ದೇಶವ್ರತಗಳನ್ನು ಹೇಳುತ್ತದೆ: ಇಂಥ ದಿಕ್ಕಿನಲ್ಲಿ ಇಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲವೆಂದು ಜೀವಾವಧಿ ಕಟ್ಟಿಕೊಳ್ಳುವ ಮೇರೆ, ಅದರೊಳಗೆ ಮತ್ತೆ ಕೆಲವು ಕಾಲಕ್ಕೆ ಇನ್ನೂ ಕಿರಿದಾಗಿ ಕಟ್ಟಿಕೊಳ್ಳುವ ಮೇರೆ. ಆ ಗಡಿಯ ಆಚೆಗೆ ಆತ ಕಾಲಿಡುವುದಿಲ್ಲವಾದ್ದರಿಂದ ಆಚೆಯ ಜೀವರಾಶಿಗೆ ಆತನಿಂದ ಯಾವ ಬಾಧೆಯೂ ಇಲ್ಲ. ಅಷ್ಟರ ಮಟ್ಟಿಗೆ ಗೃಹಸ್ಥನೂ ಮಹಾವ್ರತಿಗೆ ಸಮನಾಗುತ್ತಾನೆಂದು ಆಚಾರ್ಯರು ವಿವರಿಸಿದ್ದಾರೆ. ಈ ವ್ರತವನ್ನು ಮುರಿಯುವ ಬಗೆಗಳನ್ನೂ ಅವರು ಎಣಿಸಿಟ್ಟಿದ್ದಾರೆ. ಒಂದು ದಿಕ್ಕಿನಲ್ಲಿ ಉಳಿಸಿದ ದೂರವನ್ನು ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವುದು ಕ್ಷೇತ್ರವೃದ್ಧಿ. ಕಟ್ಟಿಕೊಂಡ ಮೇರೆಯನ್ನೇ ಮರೆತುಬಿಡುವುದು ಸ್ಮೃತ್ಯಂತರಾಧಾನ. ರಜೆಯ ಪ್ರವಾಸದ ಯೋಜನೆಯನ್ನು ಹಾಕಿ ನೋಡಿದವರಿಗೆ ಇವೆರಡೂ ಎಷ್ಟು ಆಪ್ತವಾದ ದೋಷಗಳೆಂದು ಹೇಳಬೇಕಾಗಿಲ್ಲ.

ಹಾಗಾದರೆ ಊರು ನೋಡುವ ಹವ್ಯಾಸವೇ ವ್ರತಕ್ಕೆ ವಿರುದ್ಧವೇ? ಅವಸರದಿಂದ ಹಾಗೆಂದು ತೀರ್ಮಾನಿಸಬಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೇರೆಗಳಿಗೆ ಗುರುತಾಗಬಹುದಾದವುಗಳನ್ನು ಹೇಳುವಾಗ ಸಮುದ್ರ, ನದಿ, ಅಡವಿ, ಪರ್ವತಗಳನ್ನು ಹೆಸರಿಸುತ್ತಾರೆ. ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ಒಂದೇ ದಾರಿಯಲ್ಲಿ ಈ ನಾಲ್ಕೂ ಒಟ್ಟಿಗೆ ಕಾಣಸಿಗುತ್ತವೆ ಎಂಬುದು ಸ್ವಾರಸ್ಯದ ಸಂಗತಿ. ವರ್ತಕನಿಗೆ ದಾರಿಯಾದ ಹೊಳೆಯೇ ವ್ರತಿಗೆ ಎಲ್ಲೆಯಾಯಿತು. ಎಲ್ಲೆಯನ್ನು ಹಾಕಿಕೊಂಡವನ ಕಣ್ಣು ದೂರದಿಂದ ಹಿಂತಿರುಗಿ ಸಮೀಪದ ಕಡೆಗೆ ಹೊರಳಲೇಬೇಕು. ವಿಮಾನವೇರಿ ಸಿಂಗಪುರವನ್ನು ಕಂಡುಬಂದ ಕುಟುಂಬವು ಮನೆಯಿಂದ ಹತ್ತು ಹರದಾರಿಯ ಬಾರಕೂರನ್ನು ಕಂಡಿಲ್ಲವೆಂಬುದು ಈಗ ಅಪರೂಪದ ಮಾತಲ್ಲ. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿ, ತನ್ನದೇ ಹೆಸರಿನ ಗದ್ಯಾಣವು ಚಲಾವಣೆಯಲ್ಲಿದ್ದ ಪಟ್ಟಣ ಅದು. ಇಂದು ಅದರ ಹತ್ತು ಕೇರಿಗಳ ಹೆಸರನ್ನು ಅಲ್ಲಿಯವರ ಬಾಯಿಂದಲೇ ಕೇಳಿ ತಿಳಿಯಬೇಕು. ಕತ್ತಲೆ ಬಸದಿಯಲ್ಲಿ ಕಂಬಗಳಿವೆ, ಶಾಸನದ ಕಲ್ಲುಗಳಿವೆ, ಆರತಿ ಇಲ್ಲ.

ಇನ್ನು ಹೋಗುವ ರೀತಿ. ಮುನಿಗಳಿಗೆ ವಿಧಿಸಿರುವ ಈರ್ಯಾಸಮಿತಿಯಂತೆ ಅವರು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಹಗಲಿನಲ್ಲಿ, ಜನ ತುಳಿದ ಹಾದಿಯಲ್ಲಿ ನಡೆಯುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲವೆಂಬುದನ್ನು ಒಪ್ಪಬೇಕು. ಆದರೂ ಒಂದು ಮಿನಿಬಸ್ಸಿನಲ್ಲಿ ಒಂದೇ ದಿನಕ್ಕೆ ಒಂಬತ್ತು ಬಸದಿಗಳನ್ನು ಮುಗಿಸಿಬರುವ ಯಾತ್ರೆಗೆ ಯಾತ್ರೆಯೆಂಬ ಹೆಸರು ಸಲ್ಲುತ್ತದೆಯೇ ಎಂಬುದನ್ನು ಆಲೋಚಿಸಬಹುದು. ಅರ್ಚಕರು ಬೀಗ ತೆಗೆಯುವಷ್ಟರಲ್ಲಿ ಚಾಲಕನ ಹಾರ್ನ್ ಕೇಳಿಸುತ್ತದೆ. ಕಾಣಿಕೆಯ ಹುಂಡಿಗೆ ಹತ್ತು ರೂಪಾಯಿ ಬೀಳುತ್ತದೆ. ಅರ್ಚಕರ ಹೆಸರೇನೆಂದು, ಅವರ ಮಕ್ಕಳು ಈ ಕೆಲಸವನ್ನು ಮುಂದುವರಿಸುವರೇ ಎಂದು ಯಾರೂ ಕೇಳುವುದಿಲ್ಲ. ವರ್ಷವಿಡೀ ದೀಪ ಹಚ್ಚುವವನಿಗೂ ವರ್ಷಕ್ಕೊಮ್ಮೆ ಬೆಳಕನ್ನು ನೋಡುವವನಿಗೂ ನಡುವೆ ಲೆಕ್ಕವೊಂದು ಬಾಕಿ ಉಳಿಯುತ್ತದೆ.

ಆ ಲೆಕ್ಕದಲ್ಲಿ ಬಸದಿಯ ನೆರೆಮನೆಯವರೂ ಇದ್ದಾರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ಕಟ್ಟುವಂತಿಲ್ಲ. ಅದರಾಚೆಗಿನ 200 ಮೀಟರ್ ವರೆಗೆ ಕಟ್ಟಬೇಕಾದರೆ ಅನುಮತಿ ಬೇಕು. ಸ್ಮಾರಕದ ಹಿತದೃಷ್ಟಿಯಿಂದ ಈ ನಿಯಮ ಅವಶ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಗನಿಗೆ ಮದುವೆಯಾಯಿತೆಂದು ಮನೆಯನ್ನು ವಿಸ್ತರಿಸಲು ಹೊರಟ ನೆರೆಯವನು ತೆರುವ ಬೆಲೆಯನ್ನು, ಹಿನ್ನೆಲೆಯಲ್ಲಿ ಕಾಂಕ್ರೀಟ್ ಕಾಣಿಸದಂತೆ ಚಿತ್ರ ತೆಗೆದುಕೊಂಡು ಸಂತೋಷಪಡುವವನು ತೆರುವುದಿಲ್ಲ.

ದಾರಿಯ ಮಾತೂ ಹೀಗೆಯೇ. ಕಿರುದಾರಿಯು ಕಿರಿದಾಗಿಯೇ ಉಳಿಯಲಿ, ದೋಣಿಯು ದೋಣಿಯಾಗಿಯೇ ಇರಲಿ ಎಂದು ಬಯಸುವವರು ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ತಮ್ಮ ನಗರಕ್ಕೆ ಮರಳುವವರು. ಇದೇ ಶರಾವತಿಯ ಮೇಲ್ಭಾಗದಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ ತಾಲೂಕಿನ ತುಮರಿ ಸುತ್ತಲಿನ ಹಳ್ಳಿಗಳನ್ನು ದ್ವೀಪದಂತೆ ಮಾಡಿಬಿಟ್ಟಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಲಾಂಚೇ ಅವರಿಗೆ ಹೊರಲೋಕದ ಬಾಗಿಲು. ಸಿಗಂದೂರಿಗೆ ಹೋಗುವ ಯಾತ್ರಿಕರಿಗೆ ಆ ಲಾಂಚಿನ ಪ್ರಯಾಣ ಒಂದು ಸಂಭ್ರಮ. ರಾತ್ರಿ ಹೆರಿಗೆನೋವು ಬಂದ ಮನೆಗೆ ಅದೇ ಲಾಂಚು ಬೆಳಗಾಗುವವರೆಗಿನ ಕಾಯುವಿಕೆ. ಎರಡು ಕಿಲೋಮೀಟರಿಗೂ ಮೀರಿದ ಉದ್ದದ ಸೇತುವೆಯು ಅಲ್ಲಿ 2025ರ ಜುಲೈ ತಿಂಗಳಲ್ಲಿ ಉದ್ಘಾಟನೆಗೊಂಡಿತು. ನಾಡಿಗೆ ಬೆಳಕು ಕೊಟ್ಟ ಅಣೆಕಟ್ಟಿಗಾಗಿ ದಾರಿಯನ್ನು ಕಳೆದುಕೊಂಡವರು ಅರುವತ್ತು ವರ್ಷ ಕಾದರು. ಲಾಂಚಿನ ಸೊಗಸು ಹೋಯಿತೆಂದು ಮರುಗುವ ಪ್ರವಾಸಿಯ ಭಾವನೆ ಸುಳ್ಳೇನಲ್ಲ. ಆದರೆ ಅದನ್ನು ಆ ತೀರದ ತಾಯಂದಿರ ಮುಂದೆ ಆಡಲು ಸಂಕೋಚವಾಗಬೇಕು.

ಇದನ್ನು ಒಪ್ಪಿದರೆ, ಸೇತುವೆಯೂ ಅಗಲದ ರಸ್ತೆಯೂ ಬಂದ ಮೇಲೆ ಪಟ್ಟಣದ ಪ್ರಾಚೀನತೆ ಉಳಿಯುವುದೇ ಎಂಬ ಆಕ್ಷೇಪ ಏಳುತ್ತದೆ. ವೇಣೂರಿನ ಉದಾಹರಣೆ ಇಲ್ಲಿ ಉಪಯುಕ್ತ. 1604ರಲ್ಲಿ ತಿಮ್ಮಣ್ಣ ಅಜಿಲನು ಫಲ್ಗುಣಿಯ ತೀರದಲ್ಲಿ 35 ಅಡಿ ಎತ್ತರದ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದನು. ಕಾರ್ಕಳದ ಅರಸನು ಈ ಮೂರ್ತಿಯನ್ನು ತನ್ನ ಊರಿಗೆ ಕೇಳಿದನೆಂದೂ, ಅಜಿಲನು ಅದನ್ನು ಹೊಳೆಯ ಮರಳಿನಲ್ಲಿ ಹೂಳಿ ಕಾಪಾಡಿಕೊಂಡನೆಂದೂ ಐತಿಹ್ಯವಿದೆ. ಅರಸೊತ್ತಿಗೆ ಹೋಯಿತು, ಊರು ಕಿರಿದಾಯಿತು. ಆದರೂ ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ಅಲ್ಲಿ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2012ರಲ್ಲಿ ನಡೆಯಿತು, 2024ರಲ್ಲಿಯೂ ನಡೆಯಿತು. ಅಟ್ಟಳಿಗೆ ಕಟ್ಟುವವರು, ಎಳನೀರು ಒದಗಿಸುವವರು, ಅಡುಗೆ ಮಾಡುವವರು, ಬಂದವರಿಗೆ ಜಗುಲಿಯನ್ನು ಬಿಟ್ಟುಕೊಡುವವರು ಸುತ್ತಲಿನ ಊರಿನವರು. ಅವರಲ್ಲಿ ಜೈನರಲ್ಲದವರೇ ಹೆಚ್ಚು. ರಸ್ತೆ ಅಗಲವಾದುದರಿಂದ ಆ ಮೂರ್ತಿಗೆ ಕುಂದು ಬರಲಿಲ್ಲ, ಊರಿನ ಕೈಗಳು ಅದನ್ನು ಬಿಡದಿದ್ದುದರಿಂದ. ಗೇರುಸೊಪ್ಪೆಯ ಕತೆ ಬೇರೆ. ಅಲ್ಲಿ ದಾರಿ ಕಿರಿದಾಗಿಯೇ ಇತ್ತು, ಕಾಡು ದಟ್ಟವಾಗಿಯೇ ಇತ್ತು, ಆದರೂ ಪಟ್ಟಣವು ಅಳಿಯಿತು. ಅದನ್ನು ಹಿಡಿದುಕೊಳ್ಳುವ ಕೈಗಳೇ ಚದರಿಹೋಗಿದ್ದವು. ಈಚಿನ ವರ್ಷಗಳಲ್ಲಿ ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಕಾದಂಬರಿಯನ್ನು ಓದಿದ ಅನೇಕರು ಆ ಕಾಡಿನ ಹಾದಿಯನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಇಟಲಿಯವನು ಹೊತ್ತೊಯ್ದ ಕಥೆಗೆ ನಾಲ್ಕು ಶತಮಾನಗಳ ಅನಂತರ ಕನ್ನಡದಲ್ಲಿ ಉತ್ತರ ದೊರೆಯತೊಡಗಿದೆ ಎನ್ನಬಹುದು.

ಗಡಿಯ ಈಚೆಗಿನ ಓದುಗರಿಗೆ ಇದು ದೂರದ ಊರುಗಳ ವಿಚಾರವೆಂದು ತೋರಬಹುದು. ಹಾಗೇನೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಇಲ್ಲಿಯ ಕನ್ನಡದ ಊರುಗಳು ಎರಡೂ ರಾಜ್ಯಗಳ ಪ್ರವಾಸಿಗಳಿಗೆ ಹಾದುಹೋಗುವ ಊರುಗಳಾದವು. ಆರು ಪಥಗಳಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ದಕ್ಷಿಣಕ್ಕೆ ಧಾವಿಸುವ ವಾಹನಗಳಿಗೆ ಮಂಜೇಶ್ವರವೆಂಬುದು ಒಂದು ಫಲಕ ಮಾತ್ರ. ಆ ಹೆದ್ದಾರಿಯನ್ನು ಬಿಟ್ಟು ಇಳಿದರೆ ಮಂಜೇಶ್ವರ ಹೊಳೆ ಸಿಗುತ್ತದೆ. ಅದರ ಉದ್ದ 16 ಕಿಲೋಮೀಟರ್, ಕೇರಳದ 44 ನದಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ದಿಗ್ವ್ರತಕ್ಕೆ ಇಷ್ಟು ಚಿಕ್ಕ ಎಲ್ಲೆಯನ್ನು ಯಾರೂ ಕಟ್ಟಿಕೊಳ್ಳಲಾರರು. ಆದರೆ ದೇಶವ್ರತದ ಒಂದು ದಿನಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಬಂಗ್ರಮಂಜೇಶ್ವರದಲ್ಲಿ, ಆ ಹೊಳೆಯ ದಕ್ಷಿಣದ ದಂಡೆಯ ಕಡೆಗೆ, ಚತುರ್ಮುಖ ಬಸದಿಯಿದೆ. ಗೇರುಸೊಪ್ಪೆಯಂತೆ ಇಲ್ಲಿಯೂ ನಾಲ್ಕು ದಿಕ್ಕಿಗೆ ಮುಖಮಾಡಿದ ಜಿನಬಿಂಬಗಳು. ಸುತ್ತಲೂ ಕಾಡಿಲ್ಲ, ಜನವಸತಿಯಿದೆ. ದಾರಿ ತಿಳಿಯದೆ ಹೋದರೆ ಯಾವ ಮನೆಯಲ್ಲಿ ಕೇಳಿದರೂ ತೋರಿಸುತ್ತಾರೆ.